ಭೇದಿಗೆ ಕೊಟ್ಟ ಮಾತ್ರೆ, ಇಳಿದ ಸಕ್ಕರೆ: ಚೀನಾದ ಬರ್ಬೆರಿನ್ ಪ್ರಕರಣ

ಚೀನಾದಲ್ಲಿ ಹೊಟ್ಟೆ ಕೆಟ್ಟು ಭೇದಿಯಾದರೆ ಜನ ಔಷಧಿ ಅಂಗಡಿಯಿಂದ ಒಂದು ಹಳದಿ ಮಾತ್ರೆ ತರುತ್ತಾರೆ. ವೈದ್ಯರ ಚೀಟಿ ಬೇಕಿಲ್ಲ. ಬೆಲೆಯೂ ತೀರಾ ಕಡಿಮೆ. ಆ ಮಾತ್ರೆಯಲ್ಲಿ ಇರುವುದು ಬರ್ಬೆರಿನ್. ಹುವಾಂಗ್‌ಲಿಯನ್ ಎಂಬ ಗಿಡದ ಗೆಡ್ಡೆಗೆ ಹಳದಿ ಬಣ್ಣ ಮತ್ತು ಕಹಿ ಎರಡನ್ನೂ ಕೊಡುವ ವಸ್ತು ಅದು. ಚೊಂಗ್‌ಚಿಂಗ್‌ಗೆ ಸೇರಿದ ಶಿಝು ಮತ್ತು ಹುಬೇ ಪ್ರಾಂತ್ಯದ ಲಿಚುವಾನ್‌ನ ಬೆಟ್ಟಗಳಲ್ಲಿ ಇದನ್ನು ನೆರಳು ಕಟ್ಟಿ ಬೆಳೆಯುತ್ತಾರೆ. ಗೆಡ್ಡೆ ಕೀಳಲು ಸುಮಾರು ಐದು ವರ್ಷ ಕಾಯಬೇಕು. ಅದರ ಕಹಿ ಎಂಥದ್ದು ಎಂದರೆ, ಸಂಕಟವನ್ನು ಬಾಯಿಬಿಟ್ಟು ಹೇಳಲಾಗದವರನ್ನು ಕಂಡಾಗ ಚೀನೀಯರು ‘ಮೂಗ ಹುವಾಂಗ್‌ಲಿಯನ್ ತಿಂದ ಹಾಗೆ’ ಎನ್ನುತ್ತಾರೆ.

ಆ ಮಾತ್ರೆ ಟೈಪ್ 2 ಸಕ್ಕರೆ ಕಾಯಿಲೆಯ ಮದ್ದಾಗಿ ಪರೀಕ್ಷೆಗೆ ಕೂತದ್ದು ಹೇಗೆ, ಪಾಸಾದದ್ದು ಎಷ್ಟು ಅಂಕಕ್ಕೆ ಎಂಬುದು ಇಲ್ಲಿನ ವಿಷಯ. ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣ ಇದೆ. ಹಳೆಯ ವೈದ್ಯಪದ್ಧತಿಗಳ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಪಕ್ಷ ಆಗಿಬಿಡುತ್ತವೆ. ಒಬ್ಬರಿಗೆ ಎಲ್ಲವೂ ಅಮೃತ, ಇನ್ನೊಬ್ಬರಿಗೆ ಎಲ್ಲವೂ ಬೂಟಾಟಿಕೆ. ‘ಎಷ್ಟು ಇಳಿಯಿತು? ಮದ್ದೇ ಇಲ್ಲದಿದ್ದರೂ ಎಷ್ಟು ಇಳಿಯುತ್ತಿತ್ತು?’ ಎಂದು ಕೇಳುವವರು ಕಮ್ಮಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಇವರಲ್ಲಿ ಬಹಳ ಮಂದಿ ಇಂಗ್ಲಿಷ್ ಮಾತ್ರೆಯ ಜೊತೆಗೆ ಒಂದು ಕಷಾಯವೋ ಪುಡಿಯೋ ತೆಗೆದುಕೊಳ್ಳುವವರೇ. ಆ ಎರಡು ಪ್ರಶ್ನೆ ಅವರಿಗೆ ಬೇಕು.

ಸುಳಿವು ಸಿಕ್ಕಿದ್ದು

ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಸೊರಗುವ ಮೈ. ಈ ಲಕ್ಷಣಗಳ ಕಾಯಿಲೆಯನ್ನು ಚೀನಾದ ಹಳೆಯ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಸುಮಾರು 1500 ವರ್ಷಗಳ ಹಿಂದೆ ತಾವ್ ಹಾಂಗ್‌ಜಿಂಗ್ ಎಂಬ ವೈದ್ಯ ಸಂಗ್ರಹಿಸಿದ ಮದ್ದುಗಳಲ್ಲಿ ಈ ಕಾಯಿಲೆಗೆ ಹುವಾಂಗ್‌ಲಿಯನ್ ಕೂಡ ಸೇರಿತ್ತು. ಆದರೆ ಆಧುನಿಕ ವೈದ್ಯರ ಗಮನ ಸೆಳೆದದ್ದು ಈ ಬರಹವಲ್ಲ, ಒಂದು ಆಕಸ್ಮಿಕ. ಸಕ್ಕರೆ ಕಾಯಿಲೆ ಇದ್ದ ಕೆಲವರಿಗೆ ಭೇದಿಯಾಗಿ ಬರ್ಬೆರಿನ್ ಕೊಟ್ಟಾಗ ಅವರ ರಕ್ತದ ಸಕ್ಕರೆಯೂ ಇಳಿದದ್ದು ಕಂಡಿತು. 1988ರಲ್ಲಿ ಇದು ಚೀನಾದ ವೈದ್ಯ ಪತ್ರಿಕೆಯಲ್ಲಿ ವರದಿಯಾಯಿತು.

ಇಂಥ ಸುಳಿವನ್ನು ನಂಬಿ ಕುಣಿಯುವುದು ಸುಲಭ. ಭೇದಿಯಾದವರು ಊಟ ಕಡಿಮೆ ಮಾಡುತ್ತಾರೆ, ಅದಕ್ಕೇ ಸಕ್ಕರೆ ಇಳಿದಿರಬಹುದು, ಅಲ್ವಾ? ಹಾಗಾಗಿ ಭೇದಿ ಇಲ್ಲದ ರೋಗಿಗಳಲ್ಲಿ, ಬೇರೆ ಮದ್ದಿನ ಪಕ್ಕದಲ್ಲಿಟ್ಟು ನೋಡಬೇಕಿತ್ತು. ಅದು ನಡೆಯಲು ಇನ್ನೂ 20 ವರ್ಷ ಹಿಡಿಯಿತು.

2008ರಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಮೊದಲನೆಯದು ಚಿಕ್ಕದು. ಹೊಸದಾಗಿ ಕಾಯಿಲೆ ಪತ್ತೆಯಾದ 36 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬರ್ಬೆರಿನ್, ಇನ್ನೊಂದಕ್ಕೆ ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಇಂಗ್ಲಿಷ್ ಮಾತ್ರೆ ಮೆಟ್‌ಫಾರ್ಮಿನ್ ಕೊಟ್ಟರು. ಎರಡೂ ಅರ್ಧ ಗ್ರಾಂ, ದಿನಕ್ಕೆ ಮೂರು ಸಲ. ಮೂರು ತಿಂಗಳಲ್ಲಿ ಬರ್ಬೆರಿನ್ ಗುಂಪಿನ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡದಲ್ಲಿ ತೋರಿಸುವ ಅಂಕಿ, 9.5ರಿಂದ 7.5ಕ್ಕೆ ಬಂತು. ಫಾಸ್ಟಿಂಗ್ ಸಕ್ಕರೆ ನಮ್ಮ ಲೆಕ್ಕದಲ್ಲಿ ಸುಮಾರು 190ರಿಂದ 124ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಗುಂಪಿನಲ್ಲೂ ಹೆಚ್ಚುಕಮ್ಮಿ ಇಷ್ಟೇ ಇಳಿಕೆ. ಇವತ್ತಿಗೂ ಬರ್ಬೆರಿನ್ ಮಾರುವವರು ‘ಮೆಟ್‌ಫಾರ್ಮಿನ್‌ಗೆ ಸಮ’ ಎನ್ನುವುದು ಈ 36 ಜನರ ಬಲದ ಮೇಲೆ. ಇಷ್ಟು ಚಿಕ್ಕ ಗುಂಪಿನಲ್ಲಿ ‘ಸಮ’ ಎಂದು ಸಾಬೀತು ಮಾಡಲು ಆಗುವುದಿಲ್ಲ. ವ್ಯತ್ಯಾಸ ಇದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ಪ್ರಯೋಗ ಶಾಂಘೈನ ರುಯಿಜಿನ್ ಆಸ್ಪತ್ರೆಯ ತಂಡದ್ದು. ಸಕ್ಕರೆಯ ಜೊತೆಗೆ ರಕ್ತದ ಕೊಬ್ಬೂ ಏರುಪೇರಾಗಿದ್ದ 116 ಮಂದಿಗೆ ದಿನಕ್ಕೆ ಒಂದು ಗ್ರಾಂ ಬರ್ಬೆರಿನ್ ಅಥವಾ ನೋಡಲು ಅದೇ ಥರ ಇರುವ, ಮದ್ದಿಲ್ಲದ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. ಮೂರು ತಿಂಗಳಲ್ಲಿ ಬರ್ಬೆರಿನ್ ಗುಂಪಿನ ಎಚ್‌ಬಿಎ1ಸಿ 7.5ರಿಂದ 6.6ಕ್ಕೆ ಬಂತು. ಟ್ರೈಗ್ಲಿಸರೈಡ್ ಸುಮಾರು 222ರಿಂದ 142ಕ್ಕೆ ಇಳಿಯಿತು. ಕೆಟ್ಟ ಕೊಲೆಸ್ಟ್ರಾಲ್ ಎನ್ನುತ್ತೇವಲ್ಲ, ಆ ಎಲ್‌ಡಿಎಲ್ ಕೂಡ ತಗ್ಗಿತು. ಸಕ್ಕರೆ ಮತ್ತು ಕೊಬ್ಬು ಎರಡೂ ಒಟ್ಟಿಗೆ ಇಳಿದದ್ದು ನನ್ನ ಮಟ್ಟಿಗೆ ದೊಡ್ಡ ಸುಳಿವು. ಇವೆರಡರ ದಾರಿಗಳು ಕೂಡುವ ಜಾಗ ದೇಹದಲ್ಲಿ ಎಲ್ಲೋ ಇರಬೇಕು.

ರಕ್ತದಲ್ಲಿ ಕಾಣದ ಮದ್ದು

ಇಲ್ಲಿಂದ ಪ್ರಕರಣ ನಿಜಕ್ಕೂ ಗಟ್ಟಿಯಾಗುತ್ತದೆ. ಬರ್ಬೆರಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪ್ರಯೋಗಾಲಯಗಳಲ್ಲಿ ಆಗಲೇ ಚೆಂದದ ಉತ್ತರಗಳು ಸಿಕ್ಕಿದ್ದವು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಒಂದು ಹಂತವನ್ನು ಅದು ಸ್ವಲ್ಪ ತಡೆಯುತ್ತದೆ. ಶಕ್ತಿ ಕಮ್ಮಿಯಾಯಿತು ಎಂದು ಗುರುತಿಸುವ ಎಎಂಪಿಕೆ ಎಂಬ ಕಿಣ್ವ ಆಗ ಎಚ್ಚರವಾಗುತ್ತದೆ. ಕೋಶ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಕೊಬ್ಬು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಮೆಟ್‌ಫಾರ್ಮಿನ್ ಬಗ್ಗೆಯೂ ಇದೇ ವಿವರಣೆ ಇದೆ. ಅದರ ಮೂಲವೂ ಒಂದು ಗಿಡವೇ. ಯುರೋಪಿನ ಗಲೀಗ ಎಂಬ ಮೇವಿನ ಗಿಡದಲ್ಲಿದ್ದ ವಸ್ತುವಿನ ಜಾಡು ಹಿಡಿದು ಹೋದವರ ಕೆಲಸದ ಮುಂದುವರಿಕೆಯಾಗಿ, 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ರೋಗಿಗಳಲ್ಲಿ ಬಳಸಿ ವರದಿ ಮಾಡಿದರು.

ಉತ್ತರ ಚೆಂದ, ಆದರೆ ಲೆಕ್ಕ ಕೂಡುವುದಿಲ್ಲ. ಬಾಯಿಂದ ನುಂಗಿದ ಬರ್ಬೆರಿನ್‌ನಲ್ಲಿ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಇಲಿಗಳಲ್ಲಿ ಅಳೆದಾಗ 1 ಶೇಕಡಕ್ಕಿಂತ ಕಡಿಮೆ. ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಸುರಿದು ನೋಡಿದ ಪ್ರಮಾಣ ರೋಗಿಯ ರಕ್ತದಲ್ಲಿ ಎಂದೂ ಸಿಗುವುದಿಲ್ಲ. ಮದ್ದು ಒಳಗೇ ಹೋಗದೆ ಸಕ್ಕರೆ ಇಳಿಯುವುದು ಹೇಗೆ?

ಒಂದು ಭಾಗದ ಉತ್ತರ 2015ರಲ್ಲಿ ಬಂತು. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳೇ ಬರ್ಬೆರಿನ್ನನ್ನು ಬೇರೊಂದು ರೂಪಕ್ಕೆ ತರುತ್ತವೆ. ಡೈಹೈಡ್ರೋಬರ್ಬೆರಿನ್ ಎಂಬ ಆ ರೂಪ ಸುಮಾರು ಐದು ಪಟ್ಟು ಸಲೀಸಾಗಿ ಕರುಳಿನ ಗೋಡೆ ದಾಟುತ್ತದೆ, ದಾಟಿದ ಮೇಲೆ ಮತ್ತೆ ಬರ್ಬೆರಿನ್ ಆಗುತ್ತದೆ. ಇಷ್ಟಾದರೂ ಹೆಚ್ಚಿನ ಪಾಲು ಕರುಳಿನಲ್ಲೇ ಉಳಿಯುತ್ತದೆ. ಹಾಗಾದರೆ ಉಳಿದದ್ದು ಅಲ್ಲಿ ಸುಮ್ನೆ ಕೂತಿರುತ್ತದಾ? ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದೇ ತಾನೆ ಅದನ್ನು ಭೇದಿಗೆ ಕೊಡುತ್ತಿದ್ದದ್ದು! ರುಯಿಜಿನ್ ತಂಡ ಈ ಎಳೆಯನ್ನೇ ಹಿಡಿಯಿತು.

ನಾಲ್ಕು ಗುಂಪಿನ ಪ್ರಯೋಗ

ಪ್ರಯೋಗಕ್ಕೆ ಪ್ರಿಮೋಟ್ ಎಂದು ಹೆಸರು. ಚೀನಾದ 20 ಆಸ್ಪತ್ರೆಗಳಲ್ಲಿ ನಡೆಯಿತು. ಟೈಪ್ 2 ಕಾಯಿಲೆ ಹೊಸದಾಗಿ ಪತ್ತೆಯಾದ, ಇನ್ನೂ ಸಕ್ಕರೆಯ ಮಾತ್ರೆ ಶುರು ಮಾಡದ 409 ಮಂದಿ ಸೇರಿದರು. ಮೊದಲು ಎಲ್ಲರಿಗೂ ಒಂದು ವಾರ ಜೆಂಟಮೈಸಿನ್ ಎಂಬ ಆ್ಯಂಟಿಬಯೊಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿದರು. ಆಮೇಲೆ ನಾಲ್ಕು ಗುಂಪು. ಒಂದಕ್ಕೆ ಬರ್ಬೆರಿನ್ ಮಾತ್ರ. ಒಂದಕ್ಕೆ ಒಳ್ಳೆಯ ಬ್ಯಾಕ್ಟೀರಿಯಾಗಳ ಮಿಶ್ರಣ, ಅಂದರೆ ಪ್ರೊಬಯೊಟಿಕ್ ಮಾತ್ರ. ಒಂದಕ್ಕೆ ಎರಡೂ. ಕೊನೆಯದಕ್ಕೆ ಮದ್ದಿಲ್ಲದ ಮಾತ್ರೆ. ಬರ್ಬೆರಿನ್ ಪ್ರಮಾಣ 0.6 ಗ್ರಾಂ, ದಿನಕ್ಕೆ ಎರಡು ಸಲ. ಅವಧಿ 12 ವಾರ.

2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಪಡೆದವರ ಎಚ್‌ಬಿಎ1ಸಿ ಸರಾಸರಿ 1.04ರಷ್ಟು ಇಳಿದಿತ್ತು. ಬರ್ಬೆರಿನ್ ಮಾತ್ರ ಪಡೆದವರದು 0.99. ಪ್ರೊಬಯೊಟಿಕ್ ಮಾತ್ರ ಪಡೆದವರದು 0.53. ಮದ್ದಿಲ್ಲದ ಮಾತ್ರೆ ನುಂಗಿದವರದು 0.59.

ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲೋಣ. ಏನೂ ಮದ್ದಿಲ್ಲದೆ 0.59 ಇಳಿದಿದೆ. ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಜನ ಸಿಹಿ ಬಿಡುತ್ತಾರೆ, ನಡೆಯಲು ಶುರು ಮಾಡುತ್ತಾರೆ, ಪ್ರಯೋಗದಲ್ಲಿ ಇದ್ದೇವೆ ಎಂಬ ಎಚ್ಚರವೂ ಇರುತ್ತದೆ. ಜೊತೆಗೆ, ಪರೀಕ್ಷೆಯಲ್ಲಿ ತುಂಬ ಮೇಲಿದ್ದ ಸಂಖ್ಯೆ ಮುಂದಿನ ಸಲ ತಾನಾಗಿಯೇ ಒಂದಿಷ್ಟು ಕೆಳಗೆ ಬರುವುದುಂಟು. ಹಾಗಾಗಿ ಬರ್ಬೆರಿನ್ ಸ್ವಂತವಾಗಿ ಇಳಿಸಿದ್ದು 0.99 ಅಲ್ಲ, ಸುಮಾರು 0.4. ಈ ನಾಲ್ಕನೆಯ ಗುಂಪು ಇಲ್ಲದಿದ್ದರೆ ಪೂರ್ತಿ ಒಂದು ಅಂಕದ ಕೀರ್ತಿ ಮಾತ್ರೆಗೇ ಹೋಗುತ್ತಿತ್ತು. ‘ಈ ಪುಡಿ ಕುಡಿದೆ, ಮೂರು ತಿಂಗಳಲ್ಲಿ ಎಂಟರಿಂದ ಏಳಕ್ಕೆ ಬಂತು’ ಎಂದು ಯಾರಾದರೂ ಹೇಳಿದಾಗ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಇಳಿಕೆಯಲ್ಲಿ ಪುಡಿಯ ಪಾಲೆಷ್ಟು, ಬಿಟ್ಟ ಸಕ್ಕರೆ ಕಾಫಿಯ ಪಾಲೆಷ್ಟು ಎಂದು ಒಬ್ಬರ ಅನುಭವದಿಂದ ಬಿಡಿಸಿ ಹೇಳಲು ಆಗುವುದಿಲ್ಲ.

0.4 ಸಣ್ಣದೆಂದು ತಳ್ಳಿಹಾಕುವುದೂ ಬೇಡ. ಮದ್ದಿಲ್ಲದ ಮಾತ್ರೆಯ ಮುಂದೆ ನಿಂತು ಗೆದ್ದ ವ್ಯತ್ಯಾಸ ಅದು. ಇನ್ನು ಪ್ರೊಬಯೊಟಿಕ್ ಸಕ್ಕರೆಯ ವಿಷಯದಲ್ಲಿ ಏನೂ ಸೇರಿಸಲಿಲ್ಲ. ಮೊಸರಿನ ಹೆಸರಿನಲ್ಲಿ, ಪುಡಿಯ ಹೆಸರಿನಲ್ಲಿ ‘ಶುಗರ್‌ಗೆ ಒಳ್ಳೆಯದು’ ಎಂದು ಮಾರುವ ಬ್ಯಾಕ್ಟೀರಿಯಾಗಳ ಬಗ್ಗೆ ಇದೂ ಒಂದು ಗಟ್ಟಿ ಮಾಹಿತಿ. ಬರ್ಬೆರಿನ್ ಪಡೆದವರಲ್ಲಿ ಹೊಟ್ಟೆಯ ತೊಂದರೆಗಳು ಜಾಸ್ತಿ ಕಂಡವು.

ಪಿತ್ತದ ದಾರಿ

ಪ್ರಯೋಗಕ್ಕೆ ಬಂದವರ ಮಲ ಮತ್ತು ರಕ್ತವನ್ನು ತಂಡ ಮೊದಲೂ ಕೊನೆಗೂ ಪರೀಕ್ಷಿಸಿತ್ತು. ಯಾವ ಬ್ಯಾಕ್ಟೀರಿಯಾ ಹೆಚ್ಚಿತು, ಯಾವುದು ಕುಗ್ಗಿತು, ರಕ್ತದಲ್ಲಿ ಯಾವ ರಾಸಾಯನಿಕ ಬದಲಾಯಿತು ಎಂದು ತಾಳೆ ಹಾಕಿದರು. ಎದ್ದು ಕಂಡದ್ದು ಪಿತ್ತ ಆಮ್ಲಗಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಕೃತ್ತು ಕೊಲೆಸ್ಟ್ರಾಲ್‌ನಿಂದ ಪಿತ್ತ ಆಮ್ಲ ತಯಾರಿಸುತ್ತದೆ. ಊಟ ಮಾಡಿದಾಗ ಅದು ಕರುಳಿಗೆ ಇಳಿದು ಕೊಬ್ಬನ್ನು ಕರಗಿಸಲು ನೆರವಾಗುತ್ತದೆ. ಕೆಲಸ ಮುಗಿದ ಮೇಲೆ ಅದರ ಸುಮಾರು 95 ಶೇಕಡ ಸಣ್ಣ ಕರುಳಿನ ಕೊನೆಯಲ್ಲಿ ಹೀರಿಕೊಂಡು ಮತ್ತೆ ಯಕೃತ್ತಿಗೆ ವಾಪಸ್ ಹೋಗುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿದ್ದಿ ಬೇರೆ ಆಮ್ಲ ಮಾಡುತ್ತವೆ. ಹಾಗೆ ಹುಟ್ಟುವ ಒಂದು ಆಮ್ಲದ ಹೆಸರು ಡಿಆಕ್ಸಿಕೋಲಿಕ್, ಚುಟುಕಾಗಿ ಡಿಸಿಎ. ಅದೂ ರಕ್ತಕ್ಕೆ ಸೇರುತ್ತದೆ.

ಪಿತ್ತ ಆಮ್ಲ ಎಂದರೆ ಕೊಬ್ಬು ತೊಳೆಯುವ ಸೋಪು ಎಂದಷ್ಟೇ ಬಹಳ ಕಾಲ ತಿಳಿದಿದ್ದರು. 1999ರಲ್ಲಿ ಆ ತಿಳಿವಳಿಕೆ ಬದಲಾಯಿತು. ಯಕೃತ್ತಿನಲ್ಲಿ ಮತ್ತು ಕರುಳಿನಲ್ಲಿ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ (ರಿಸೆಪ್ಟರ್), ಅಂದರೆ ಸಂಕೇತ ಹಿಡಿಯುವ ಪ್ರೋಟೀನ್ ಇದೆ, ಪಿತ್ತ ಆಮ್ಲ ತಾಗಿದರೆ ಅದು ಜೀನುಗಳಿಗೆ ಸೂಚನೆ ಕೊಡುತ್ತದೆ ಎಂದು ಗೊತ್ತಾಯಿತು. ಎಷ್ಟು ಸಕ್ಕರೆ ತಯಾರಿಸಬೇಕು, ಎಷ್ಟು ಕೊಬ್ಬು ಕಟ್ಟಬೇಕು ಎಂಬುದರಲ್ಲಿ ಈ ಸೂಚನೆಗಳ ಕೈವಾಡ ಇದೆ. ಸಕ್ಕರೆ ಮತ್ತು ಕೊಬ್ಬು ಎರಡರ ದಾರಿ ಕೂಡುವ ಜಾಗ ಎಂದೆನಲ್ಲ, ಇದು ಅಂಥದ್ದೊಂದು ಜಾಗ.

ಬರ್ಬೆರಿನ್ ಪಡೆದವರಲ್ಲಿ ಡಿಸಿಎ ಇಳಿದಿತ್ತು. ಈ ಇಳಿಕೆಗೂ ಸಕ್ಕರೆಯ ಇಳಿಕೆಗೂ ನಂಟು ಕಂಡಿತು. ಡಿಸಿಎ ತಯಾರಿಸುವ ಕೆಲಸದಲ್ಲಿ ತಂಡ ಬೊಟ್ಟು ಮಾಡಿದ್ದು ರುಮಿನೋಕಾಕಸ್ ಬ್ರೋಮಿ ಎಂಬ ಬ್ಯಾಕ್ಟೀರಿಯಾವನ್ನು. ಬರ್ಬೆರಿನ್ ಅದನ್ನು ಹಿಮ್ಮೆಟ್ಟಿಸಿ ಡಿಸಿಎ ತಯಾರಿಕೆಯನ್ನು ತಡೆಯುತ್ತದೆ, ಸಕ್ಕರೆ ಇಳಿಯುವುದು ಈ ದಾರಿಯಿಂದ ಎಂಬುದು ಅವರ ತೀರ್ಮಾನ. ರಕ್ತಕ್ಕೆ ಸೇರದ ಮದ್ದಿನ ಒಗಟು ಇಲ್ಲಿ ಸಡಿಲವಾಗುತ್ತದೆ. ಅದು ರಕ್ತಕ್ಕೆ ಬರಬೇಕಿಲ್ಲ. ಕರುಳಿನಲ್ಲೇ ಇದ್ದು, ಅಲ್ಲಿಂದ ರಕ್ತಕ್ಕೆ ಹೋಗುವ ಸಂದೇಶವನ್ನು ಬದಲಿಸಿದರೆ ಸಾಕು.

ಈ ವಿವರಣೆ ನನಗೆ ಬಹಳ ಹಿಡಿಸಿದೆ. ಆದರೂ ಎರಡು ತೊಡಕು ಉಳಿದಿವೆ. ಒಂದು, ರುಮಿನೋಕಾಕಸ್ ಬ್ರೋಮಿಯನ್ನು ಕೆಟ್ಟ ಬ್ಯಾಕ್ಟೀರಿಯಾ ಎನ್ನಲು ಬರುವುದಿಲ್ಲ. ಸುಲಭಕ್ಕೆ ಜೀರ್ಣವಾಗದ ಪಿಷ್ಟವನ್ನು ಒಡೆದು ಉಳಿದ ಬ್ಯಾಕ್ಟೀರಿಯಾಗಳಿಗೆ ಆಹಾರ ಒದಗಿಸುವುದರಲ್ಲಿ ಅದಕ್ಕೆ ದೊಡ್ಡ ಪಾತ್ರ ಇದೆ. ವರ್ಷಗಟ್ಟಲೆ ಅದನ್ನು ಅದುಮಿಟ್ಟರೆ ಏನಾಗುತ್ತದೆ ಎಂಬುದಕ್ಕೆ 12 ವಾರದ ಪ್ರಯೋಗ ಉತ್ತರ ಕೊಡಲಾರದು. ಎರಡು, ಡಿಸಿಎ ಇನ್ನೊಂದು ಗ್ರಾಹಕವನ್ನೂ ತಟ್ಟುತ್ತದೆ. ಟಿಜಿಆರ್5 ಎಂಬ ಅದು ಎಚ್ಚರವಾದರೆ ಕರುಳಿನಿಂದ ಜಿಎಲ್‌ಪಿ-1 ಹಾರ್ಮೋನು ಹೊರಬರುತ್ತದೆ, ಅದು ಸಕ್ಕರೆ ಇಳಿಸುವ ಹಾರ್ಮೋನು. ಅಂದ ಮೇಲೆ ಡಿಸಿಎ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ಹೇಳಲು ಆಗದು. ಯಾವ ಆಮ್ಲ, ಯಾವ ಪ್ರಮಾಣದಲ್ಲಿ, ಕರುಳಿನ ಯಾವ ಭಾಗದಲ್ಲಿ ಎಂಬುದೆಲ್ಲ ಸೇರಿ ಲೆಕ್ಕ ಆಗುತ್ತದೆ.

ಇನ್ನೊಂದು ಮಾತು. ಇಲ್ಲಿ ಪರೀಕ್ಷೆಗೆ ಕೂತದ್ದು ಒಂದು ಶುದ್ಧ ರಾಸಾಯನಿಕ, ಚೀನೀ ವೈದ್ಯಪದ್ಧತಿ ಅಲ್ಲ. ಆ ಪದ್ಧತಿಯ ವೈದ್ಯರು ಹುವಾಂಗ್‌ಲಿಯನ್ ಗೆಡ್ಡೆಯನ್ನು ಒಂಟಿಯಾಗಿ ಕೊಡುವುದು ಅಪರೂಪ. ನಾಡಿ ಹಿಡಿದು, ನಾಲಿಗೆ ನೋಡಿ, ಹಲವು ಮೂಲಿಕೆ ಕೂಡಿಸಿ ಕಷಾಯ ಮಾಡಿಸುತ್ತಾರೆ. ಬರ್ಬೆರಿನ್ ಗೆದ್ದಿತು ಎಂದರೆ ಆ ಕಷಾಯಗಳೆಲ್ಲ ಗೆದ್ದವು ಎಂದಾಗುವುದಿಲ್ಲ, ಸೋತವು ಎಂದೂ ಆಗುವುದಿಲ್ಲ. ಅವಕ್ಕೆ ಅವುಗಳದೇ ಪರೀಕ್ಷೆ ಬೇಕು.

ಮೂಲಿಕೆ ಎಂಬ ಚೀಟಿಯ ಹಿಂದೆ

ಚೀನಾದಲ್ಲಿ ಸಕ್ಕರೆಗೆಂದೇ ಮಾರುವ ಶಿಯಾವ್‌ಕೆ ಎಂಬ ಇನ್ನೊಂದು ಗುಳಿಗೆ ಇದೆ. ಅದರಲ್ಲಿ ಮೂಲಿಕೆಗಳ ಜೊತೆಗೆ ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್ ಎಂಬ ಇಂಗ್ಲಿಷ್ ಮದ್ದೂ ಇದೆ, ಹತ್ತು ಗುಳಿಗೆಗೆ 2.5 ಮಿಲಿಗ್ರಾಂ. ಇದು ಕದ್ದು ಬೆರೆಸಿದ್ದಲ್ಲ, ಸರ್ಕಾರದ ಒಪ್ಪಿಗೆ ಪಡೆದು ಸೇರಿಸಿದ್ದು. 800 ಮಂದಿಯ ಮೇಲೆ 48 ವಾರ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಬರೀ ಗ್ಲಿಬೆನ್‌ಕ್ಲಮೈಡ್‌ನಷ್ಟೇ ಸಕ್ಕರೆ ಇಳಿಸಿತು. ಆದರೆ ಸಕ್ಕರೆ ತೀರಾ ಕುಸಿದು ಬೆವರು, ನಡುಕ ಬರುವ ಪ್ರಸಂಗಗಳು ಕಡಿಮೆಯಾದವು. ಮೂಲಿಕೆಗಳು ಏನೋ ಮಾಡುತ್ತಿವೆ ಎಂಬುದಕ್ಕೆ ಅದು ಒಳ್ಳೆಯ ಸೂಚನೆ.

ಕದ್ದು ಬೆರೆಸಿದ್ದರ ಕಥೆ ಬೇರೆ. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದ ಆಸ್ಪತ್ರೆಗಳಿಗೆ ಸಕ್ಕರೆ ಕಾಯಿಲೆಯೇ ಇಲ್ಲದ ಸುಮಾರು 150 ಮಂದಿ ರಕ್ತದ ಸಕ್ಕರೆ ಕುಸಿದು ಬಂದರು. ನಾಲ್ವರು ತೀರಿಕೊಂಡರು. ಕಾಮಶಕ್ತಿಗೆಂದು ಮಾರಿದ ಅಕ್ರಮ ಮಾತ್ರೆಗಳಲ್ಲಿ, ಮೂಲಿಕೆಯದೆಂದು ಮಾರಿದವುಗಳಲ್ಲೂ, ಗ್ಲಿಬೆನ್‌ಕ್ಲಮೈಡ್ ಸಿಕ್ಕಿತು. ‘ಪೂರ್ತಿ ಮೂಲಿಕೆ, ಎರಡೇ ದಿನದಲ್ಲಿ ಶುಗರ್ ಇಳಿಯುತ್ತದೆ’ ಎಂಬ ಪುಡಿ ನಿಜಕ್ಕೂ ಎರಡು ದಿನದಲ್ಲಿ ಇಳಿಸಿದರೆ ಹಿಗ್ಗುವ ಮೊದಲು ಹೆದರಬೇಕು. ಆ ವೇಗ ಹೆಚ್ಚಾಗಿ ಇಂಥ ಮದ್ದಿನದು.

ನಮ್ಮ ಕಡೆಯ ಹಳದಿ

ಬರ್ಬೆರಿನ್ ಚೀನಾದ ಒಂದೇ ಗಿಡದ ಆಸ್ತಿ ಅಲ್ಲ. ಹಿಮಾಲಯದ ದಾರುಹರಿದ್ರದಲ್ಲಿದೆ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದ ಕಾಂಡದಲ್ಲೂ ಇದೆ. ದಕ್ಷಿಣದಲ್ಲಿ ದಾರುಹರಿದ್ರ ಎಂದು ಅಂಗಡಿಗೆ ಬರುವುದು ಹಲವು ಸಲ ಈ ಮರದರಿಶಿನವೇ. ಆಯುರ್ವೇದದಲ್ಲೂ ದಾರುಹರಿದ್ರವನ್ನು ಪ್ರಮೇಹದ, ಅಂದರೆ ಸಕ್ಕರೆ ಕಾಯಿಲೆಯೂ ಸೇರುವ ಮೂತ್ರದ ಕಾಯಿಲೆಗಳ, ಕಷಾಯಗಳಲ್ಲಿ ಸೇರಿಸುತ್ತಾರೆ. ಎರಡು ದೇಶಗಳ ವೈದ್ಯರು ಬೇರೆ ಬೇರೆ ಗಿಡಗಳಲ್ಲಿದ್ದ ಒಂದೇ ಹಳದಿ ವಸ್ತುವನ್ನು ಒಂದೇ ಬಗೆಯ ಕಾಯಿಲೆಗೆ ಹಚ್ಚಿದ್ದು ನನಗೆ ಬೆರಗು ಹುಟ್ಟಿಸುತ್ತದೆ. ಆದರೆ ಮರದರಿಶಿನ ಬೆಳೆಯುವುದು ತುಂಬ ನಿಧಾನ. ಕಾಡಿನಿಂದ ಕಡಿದು ಕಡಿದು ಅದು ಅಳಿವಿನ ಅಂಚಿಗೆ ಬಂದಿದೆ. ‘ಕಾಡಿನಿಂದ ನೇರ’ ಎಂದು ಮಾರುವವರಿಂದ ಅದರ ತುಂಡು ಕೊಳ್ಳಬೇಡಿ. ಆ ತುಂಡಿನಲ್ಲಿ ಎಷ್ಟು ಬರ್ಬೆರಿನ್ ಇದೆ ಎಂದು ಕೊಳ್ಳುವವರಿಗೂ ಗೊತ್ತಿರುವುದಿಲ್ಲ, ಮಾರುವವರಿಗೂ ಗೊತ್ತಿರುವುದಿಲ್ಲ.

2023ರಿಂದೀಚೆಗೆ ಬರ್ಬೆರಿನ್‌ಗೆ ‘ಪ್ರಕೃತಿಯ ಒಜೆಂಪಿಕ್’ ಎಂಬ ಹೆಸರು ಇಂಟರ್ನೆಟ್‌ನಲ್ಲಿ ಓಡಾಡುತ್ತಿದೆ. ಆ ಹೋಲಿಕೆ ಸರಿಯಲ್ಲ. ಒಜೆಂಪಿಕ್ ದೊಡ್ಡ ಪ್ರಯೋಗಗಳಲ್ಲಿ ತೂಕ, ಸಕ್ಕರೆ, ಹೃದಯ ಎಲ್ಲದರ ಲೆಕ್ಕ ಕೊಟ್ಟ ಚುಚ್ಚುಮದ್ದು. ಪ್ರಿಮೋಟ್ ನೋಡಿದ್ದು 12 ವಾರದ ಎಚ್‌ಬಿಎ1ಸಿ. ಹೃದಯಾಘಾತ ತಪ್ಪಿತೇ, ಕಿಡ್ನಿ ಉಳಿಯಿತೇ, ಕಣ್ಣು ಉಳಿಯಿತೇ ಎಂದು ಅದು ನೋಡಿಲ್ಲ. ಮೆಟ್‌ಫಾರ್ಮಿನ್ ನಿಲ್ಲಿಸಿ ಇದಕ್ಕೆ ಬದಲಾಗಲು ಈ ಪ್ರಕರಣದಲ್ಲಿ ಯಾವ ಆಧಾರವೂ ಇಲ್ಲ.

ಈಗಾಗಲೇ ಬರ್ಬೆರಿನ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಬಾಟಲಿ ಸಮೇತ ತೋರಿಸಿ. ಯಕೃತ್ತಿನಲ್ಲಿ ಬೇರೆ ಮದ್ದುಗಳನ್ನು ಒಡೆಯುವ ಕೆಲವು ಕಿಣ್ವಗಳನ್ನು ಇದು ತಡೆಯುತ್ತದೆ. ಹಾಗಾಗಿ ಆ ಮದ್ದುಗಳು ರಕ್ತದಲ್ಲಿ ಹೆಚ್ಚು ಉಳಿಯಬಹುದು. ಕಿಡ್ನಿ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೋಸ್ಪೊರಿನ್ ಮಟ್ಟ ಇದರಿಂದ ಏರಿದ್ದು ದಾಖಲಾಗಿದೆ. ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ಇದ್ದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಹೋಗದಂತೆ ಮನೆಯಲ್ಲೇ ಆಗಾಗ ನೋಡಿಕೊಳ್ಳಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಟ್ಟುವುದು ಬೇಡ, ಹಸುಗೂಸಿಗಂತೂ ಕೊಡಲೇಬಾರದು. ನವಜಾತ ಶಿಶುಗಳ ಕಾಮಾಲೆ ಇದರಿಂದ ತೀವ್ರವಾಗಬಹುದು ಎಂಬ ಕಾರಣಕ್ಕೆ ಸಿಂಗಪುರ 1978ರಲ್ಲಿ ಬರ್ಬೆರಿನ್ನನ್ನು ನಿಷೇಧಿಸಿತ್ತು. ಹುವಾಂಗ್‌ಲಿಯನ್ ಮೇಲಿನ ನಿಷೇಧ ಅಲ್ಲಿ ತೆರವಾದದ್ದು 2016ರಲ್ಲಿ.